ಕೂತವರ ಕೈಗೊಂದು ಮೌಸ್

ನಮ್ಮೂರಿನಲ್ಲಿ ಮಧ್ಯಾಹ್ನದ ಸೈರನ್ ಕೂಗಿದ ಮೇಲೆ ಕೂತವರು ಬೀದಿದೀಪ ಹತ್ತುವವರೆಗೆ ಏಳುವುದಿಲ್ಲ. ಏಳುವುದಕ್ಕೆ ಆಗುವುದಿಲ್ಲ. ಕುರ್ಚಿಯಾಗಲಿ, ಚಾಪೆಯಾಗಲಿ, ಜಗಲಿಕಟ್ಟೆಯಾಗಲಿ, ಕೂತರೆ ಕೂತ ಹಾಗೆಯೇ. ಪರವೂರಿನವರು ಇದನ್ನು ಕೇಳಿ ಕಣ್ಣರಳಿಸುತ್ತಾರೆ, ಯಾಕೆ, ಹೇಗೆ, ಯಾವಾಗಿನಿಂದ ಎಂದು ಪ್ರಶ್ನೆ ಹಾಕುತ್ತಾರೆ. ನಮಗೆ ಅದಕ್ಕೆಲ್ಲ ಪುರುಸೊತ್ತಿಲ್ಲ. ಸೈರನ್ನಿಗೆ ಮೊದಲು ಊಟ ಮುಗಿದಿರಬೇಕು, ಎಂಜಲು ಒರೆಸಿರಬೇಕು, ಕೂರುವವರು ಬಚ್ಚಲಿಗೆ ಹೋಗಿ ಬಂದಿರಬೇಕು. ಇಷ್ಟಾಗುವ ಹೊತ್ತಿಗೆ ಅದು ಕೂಗಿಯೇ ಬಿಡುತ್ತದೆ.

ಮನೆಗೊಬ್ಬರು ನಿಂತಿರುತ್ತಾರೆ. ಎಲ್ಲರೂ ಕೂತರೆ ಬಾಗಿಲು ತೆಗೆಯುವವರು ಬೇಡವೇ, ನೀರು ಕೊಡುವವರು ಬೇಡವೇ. ಸೊಸೆ ಮನೆಗೆ ಬಂದ ಮೊದಲ ಮಧ್ಯಾಹ್ನ ಅತ್ತೆಯನ್ನು ಸೋಫಾದ ಮೇಲೆ ಕೂರಿಸಿ ನೆಂಟರೆಲ್ಲ ಅಕ್ಷತೆ ಹಾಕುತ್ತಾರೆ, ಸೊಸೆ ಪಕ್ಕದಲ್ಲಿ ನಿಂತಿರುತ್ತಾಳೆ. ಫೋಟೊ ನೋಡಿದವರಿಗೆ ಮದುವೆ ಯಾರದು ಎಂದೇ ಅನುಮಾನ ಬರಬೇಕು. ನಮ್ಮತ್ತೆ ಚೆನ್ನಾಜಮ್ಮ ಹಾಗೆ ಕೂತ ದಿನ ಗಳಗಳ ಅತ್ತುಬಿಟ್ಟರು. ನನ್ನಂಥ ಸೊಸೆ ಸಿಕ್ಕಿದ ಸಂತೋಷಕ್ಕೆ ಅಂತ ನಾನು ಅಂದುಕೊಂಡೆ. ಚಿಕ್ಕವಳು, ಏನು ಗೊತ್ತಾಗುತ್ತದೆ. ಅಂದು ನಿಂತವಳು ಆಮೇಲೆ ಮಧ್ಯಾಹ್ನಗಳಲ್ಲಿ ನಿಂತೇ ಇದ್ದೆ. ಹೆರಿಗೆಗೆ ತವರಿಗೆ ಹೋದಾಗ ಅಲ್ಲಿ ನಮ್ಮಮ್ಮ ನಿಂತರು, ನಾನು ಮಲಗಿದ್ದೆ. ಅದು ಬಿಟ್ಟರೆ ಇಲ್ಲ.

ಗಂಡಸರು ನಿಲ್ಲಬಾರದು ಅಂತ ಯಾರೂ ಹೇಳಿಲ್ಲ. ನಿಂತವರೂ ಇದ್ದಾರೆ. ಹೆಂಡತಿ ಸತ್ತವರು, ಮದುವೆಯಾಗದೆ ಉಳಿದವರು. ಅಂಥವರನ್ನು ಕಂಡರೆ ಊರಿಗೆ ಮರುಕ. ಪಾಪ, ನಿಂತಿದ್ದಾನೆ ನೋಡಿ ಅನ್ನುತ್ತಾರೆ. ನನ್ನನ್ನು ನೋಡಿ ಪಾಪ ಅಂದವರನ್ನು ನಾನು ಕಂಡಿಲ್ಲ.

ನಮ್ಮ ಯಜಮಾನರು ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರು. ಹೆಸರು ದಯಾನಂದ. ಕಚೇರಿಗಳೆಲ್ಲ ಸೈರನ್ನಿಗೆ ಮೊದಲೇ ಬಾಗಿಲು ಹಾಕುತ್ತವೆ, ಮಿಕ್ಕ ಫೈಲುಗಳನ್ನು ಅವರವರ ಮನೆಯ ಸೋಫಾದಲ್ಲಿ ಕೂತು ಮುಗಿಸಬೇಕು. ಅದಕ್ಕೆಂದೇ ಮೂಲೆಯ ಮೇಜಿನ ಮೇಲೆ ಕಂಪ್ಯೂಟರ್ ಇದೆ, ಅದನ್ನು ಗೋಡೆಯ ದೊಡ್ಡ ಟೀವಿಗೆ ಸೇರಿಸಿದ್ದಾರೆ. ಇವರು ಸೋಫಾದಿಂದ ಟೀವಿ ನೋಡುತ್ತಾ ಹೇಳಬೇಕು, ನಾನು ಮೇಜಿನ ಹತ್ತಿರ ಬಗ್ಗಿ ನಿಂತು ಮೌಸ್ ಆಡಿಸಬೇಕು. "ಮೇಲೆ ಹೋಗು. ಇನ್ನೂ ಮೇಲೆ. ಅಷ್ಟಲ್ಲ ಕಣೆ, ಸ್ವಲ್ಪ ಕೆಳಗೆ. ಅದನ್ನ ಒತ್ತು. ಅದಲ್ಲ, ಅದರ ಪಕ್ಕದ್ದು." ಇವರದು ಮುಗಿದ ಮೇಲೆ ಅತ್ತೆಯ ಧಾರಾವಾಹಿ. ಅವರು ಬೆರಳು ತೋರಿಸುತ್ತಿದ್ದರು, ಬಾಯಲ್ಲಿ ಹೇಳುತ್ತಿರಲಿಲ್ಲ. ನಾನು ಒಮ್ಮೆ ಬೆರಳು, ಒಮ್ಮೆ ಟೀವಿ ನೋಡಿ ಅಂದಾಜಿನ ಮೇಲೆ ಒತ್ತುತ್ತಿದ್ದೆ. ಅಂತೂ ಊರಿನ ಅರ್ಧ ನಲ್ಲಿಗಳನ್ನು ಮಂಜೂರು ಮಾಡಿದವಳು ನಾನೇ ಅನ್ನಬಹುದು.

ಕಾಲಿನ ಕಥೆ ಶುರುವಾಗಿದ್ದು ಎರಡು ವರ್ಷದ ಕೆಳಗೆ. ಮೊಣಕಾಲಿನ ಕೆಳಗೆ ನರಗಳು ಗಂಟುಗಂಟಾಗಿ ಎದ್ದವು. ಆಮೇಲೆ ಹಿಮ್ಮಡಿಯ ಮೇಲುಗಡೆ ಚರ್ಮ ಕಪ್ಪಾಯಿತು, ತುರಿಸಿತು, ಒಡೆದು ಹುಣ್ಣಾಯಿತು. ಅರಿಸಿನ ಹಚ್ಚಿದೆ, ಮುಲಾಮು ಹಚ್ಚಿದೆ, ಬಟ್ಟೆ ಕಟ್ಟಿದೆ. ಮಾಯಲಿಲ್ಲ. ಕೊನೆಗೆ ಯಜಮಾನರು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರಮ್ಮ ಕಾಲನ್ನು ಬೆರಳಿನಿಂದ ಒತ್ತಿ ನೋಡಿದರು. ಒತ್ತಿದ ಗುಂಡಿ ಹಾಗೇ ಉಳಿಯಿತು.

"ಕಾಲು ಉಳೀಬೇಕು ಅಂದ್ರೆ ಮಧ್ಯಾಹ್ನ ಕೂರಬೇಕಮ್ಮ. ಕಾಲು ದಿಂಬಿನ ಮೇಲೆ ಎತ್ತಿಟ್ಟು ಕೂರಬೇಕು. ಒಂದಿನ ಎರಡು ದಿನ ಅಲ್ಲ, ಹುಣ್ಣು ಮಾಯೋವರೆಗೂ. ಹೀಗೇ ಬಿಟ್ರೆ ಆಮೇಲೆ ಕಾಲು ತೆಗೀಬೇಕಾಗುತ್ತೆ" ಎಂದರು.

"ಕೂರೋದು ಹೇಗೆ ಡಾಕ್ಟ್ರೇ, ಮನೇಲಿ ನಿಲ್ಲೋಳು ಇವಳೊಬ್ಬಳೇ" ಎಂದರು ಯಜಮಾನರು.

ಡಾಕ್ಟರಮ್ಮ ಮೇಜಿನ ಕೆಳಗೆ ಕಾಣುತ್ತಿದ್ದ ಇವರ ಎರಡು ಕಾಲುಗಳನ್ನು ನೋಡಿದರು. ಆಮೇಲೆ ಚೀಟಿ ಬರೆದುಕೊಟ್ಟರು. ಅವರೂ ಇದೇ ಊರಿನವರು.

ಇವರು ಕೆಟ್ಟವರಲ್ಲ. ಆ ಮಾತು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕೇಳಿದವರು ಇವರಿಗೆ ಬೈಯುತ್ತಾರೆ. ಆ ವಾರವಿಡೀ ಮುಖ ಸಣ್ಣ ಮಾಡಿಕೊಂಡು ಓಡಾಡಿದರು. ಯಾರ್ಯಾರನ್ನೋ ವಿಚಾರಿಸಿದರು. ಒಂದು ದಿನ ಕಚೇರಿಯಿಂದ ಬರುವಾಗ ಒಂದು ಪುಟ್ಟ ಡಬ್ಬಿ ಹಿಡಿದುಕೊಂಡು ಬಂದು, ನನ್ನನ್ನು ಅಡುಗೆಮನೆಯಿಂದ ಕರೆದು, ಅಮ್ಮನ ಎದುರಿಗೆ ಬಿಚ್ಚಿದರು. ಒಳಗೆ ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಕರೀ ಮೌಸ್. ಬಾಲವಿಲ್ಲ. ಇದಕ್ಕೆ ಮೇಜು ಬೇಡವಂತೆ. ಗಾಳಿಯಲ್ಲಿ ಹಿಡಿದು ಕೈ ಆಡಿಸಿದರೆ ಸಾಕು, ಕೈ ಎತ್ತ ಹೋಗುತ್ತದೋ ಟೀವಿಯ ಬಾಣ ಅತ್ತ ಹೋಗುತ್ತದಂತೆ. ಕೈಯ ಅಲುಗಾಟ ಅದಕ್ಕೆ ತಿಳಿಯುತ್ತದಂತೆ.

"ನಾವು ಮಧ್ಯಾಹ್ನ ನಿನ್ನ ಕೈಲಿ ಏನೇನು ಮಾಡಿಸ್ತೀವಿ, ನೀನೇ ಹೇಳು. ಫೈಲು, ಟೀವಿ. ಫ್ಯಾನು, ಲೈಟು. ಯಾರಾದ್ರೂ ಬಂದ್ರೆ ಬಾಗಿಲು. ಎಲ್ಲಾನೂ ಕಂಪ್ಯೂಟರಿಗೆ ಸೇರಿಸೋಕೆ ಹೇಳಿದೀನಿ, ನಾಳೆ ಅಂಗಡಿಯವನು ಬರ್ತಾನೆ. ಇನ್ಮೇಲೆ ಕೂತಲ್ಲಿಂದಲೇ ಎಲ್ಲಾ. ನೀನೂ ಕೂತ್ಕೋ" ಎಂದರು. ಆ 'ನೀನೂ ಕೂತ್ಕೋ' ಕೇಳಿ ನನಗೆ ಕಣ್ಣು ಒದ್ದೆಯಾಯಿತು. ಸುಳ್ಳೇಕೆ ಹೇಳಲಿ.

ಅತ್ತೆಗೆ ಮಾತ್ರ ಸಮಾಧಾನವಿರಲಿಲ್ಲ. "ಮನೆಯೋರೆಲ್ಲಾ ಕೂತರೆ ಅದು ಮನೇನಾ, ಬಸ್‌ಸ್ಟ್ಯಾಂಡಾ" ಎಂದರು. ಆದರೆ ಮೌಸನ್ನು ಕೈಗೆ ಕೊಟ್ಟಾಗ ಬಿಡಲಿಲ್ಲ. ಹಪ್ಪಳಕ್ಕೆ ಬರುವ ಕಾಗೆ ಓಡಿಸುವ ಹಾಗೆ ಕೈ ಬೀಸಿದರು, ಬಾಣ ಟೀವಿಯ ಈ ಮೂಲೆಯಿಂದ ಆ ಮೂಲೆಗೆ ಹಾರಿತು. ಅವರು ನಕ್ಕಿದ್ದನ್ನು ನಾನು ಬಹಳ ದಿನದ ಮೇಲೆ ನೋಡಿದೆ.

ನಾನು ಮೊದಲ ಸಲ ಕೂತ ಮಧ್ಯಾಹ್ನ ಮೂವರೂ ಸೈರನ್ನಿಗೆ ಕಾದೆವು. ಯಜಮಾನರು ಸೋಫಾದ ಆ ತುದಿ, ಅತ್ತೆ ತಮ್ಮ ಕುರ್ಚಿ, ನಾನು ದಿವಾನದ ಮೇಲೆ ದಿಂಬಿಗೆ ಕಾಲು ಕೊಟ್ಟು. ಸೈರನ್ ಕೂಗಿತು. ಮೈ ಮೆಲ್ಲಗೆ ಭಾರವಾಗಿ ದಿವಾನದೊಳಕ್ಕೆ ಇಳಿದಂತಾಯಿತು. ಎಷ್ಟೋ ವರ್ಷದಿಂದ ಎತ್ತಿ ಹಿಡಿದಿದ್ದ ಏನನ್ನೋ ಯಾರೋ ಕೈಯಿಂದ ಇಸಿದುಕೊಂಡ ಹಾಗಿತ್ತು. ಇದನ್ನು ಇವರೆಲ್ಲ ದಿನಾ ಅನುಭವಿಸುತ್ತಾರಲ್ಲ ಎಂದು ಹೊಟ್ಟೆ ಉರಿಯಿತು.

ಫೈಲುಗಳು ಮುಗಿದವು. ಫ್ಯಾನು ಇವರು ಕೈಯಾಡಿಸಿದ ಹಾಗೆ ತಿರುಗಿತು. ಧಾರಾವಾಹಿ ಶುರುವಾಯಿತು. ಅಷ್ಟರಲ್ಲಿ ಪಡುವಣ ಕಿಟಕಿಯ ಬಿಸಿಲು ನೆಲದ ಮೇಲೆ ಬಂದದ್ದು ಕಂಡಿತು. ಅದು ಅತ್ತೆಯ ಪಾದಕ್ಕೆ ಬಂತು, ಮಡಿಲಿಗೆ ಬಂತು, ಎದೆಗೆ ಏರಿತು. ನಾನು ನೋಡುತ್ತಲೇ ಇದ್ದೆ. ಮುಂದೇನಾಗುತ್ತದೆಂದು ನನಗೆ ಗೊತ್ತಿತ್ತು, ಅವರಿಬ್ಬರಿಗೆ ಗೊತ್ತಿರಲಿಲ್ಲ.

"ಏನೇ ಇದು, ಇವತ್ತು ಬಿಸಿಲು ಇಲ್ಲೀವರೆಗೂ ಬಂದಿದೆ" ಎಂದರು ಅತ್ತೆ, ಕಣ್ಣು ಕಿರಿದು ಮಾಡಿ.

"ದಿನಾ ಬರುತ್ತೆ ಅತ್ತೆ."

"ದಿನಾ ಎಲ್ಲಿ ಬರುತ್ತೆ. ನಾನು ದಿನಾ ಇಲ್ಲೇ ಕೂರಲ್ವಾ?"

"ಹೊತ್ತಿಗೆ ಸರಿಯಾಗಿ ಪರದೆ ಎಳೀತಿದ್ದೆ."

ಯಜಮಾನರು ಮೌಸನ್ನು ಕಿಟಕಿಯ ಕಡೆ ಹಿಡಿದು ಒಮ್ಮೆ ಅಲ್ಲಾಡಿಸಿದರು. ಪಾಪ, ತಿಳಿಯದೆ ಅಲ್ಲ, ಕೈ ತಾನಾಗಿ ಹೋಯಿತು. ಆಮೇಲೆ ನಾಚಿಕೆಯಾಗಿ ಟೀವಿಯ ಕಡೆ ತಿರುಗಿಸಿ ಅದರ ಬೆಳಕು ಕಡಿಮೆ ಮಾಡಿದರು. "ಈಗ ಪರವಾಗಿಲ್ವಾ ಅಮ್ಮ?" ಎಂದು ಕೇಳಿದರು. ಅತ್ತೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡರು. ನಿದ್ದೆ ಹೋದರೇನೋ ಅಂದುಕೊಂಡೆ.

ಸೆರಗಿನ ಒಳಗಿನಿಂದ ಮಾತು ಬಂತು. "ನಾನೂ ಎಳೀತಿದ್ದೆ ಕಣೆ ಅಂಬುಜಾಕ್ಷಿ. ನಮ್ಮತ್ತೆ ಇಲ್ಲೇ ಕೂರ್ತಿದ್ರು, ಇದೇ ಕಿಟಕಿ. ನನಗೆ ಮರೆತೇ ಹೋಗಿತ್ತು."

ನನಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಹೆದರಿಕೆಯಾಯಿತು. ಒಂದು ಆಯುಷ್ಯ ನಿಂತವರಿಗೆ ಕೂತ ಮೇಲೆ ಅದು ಮರೆತುಹೋಗುವುದಾದರೆ ಇನ್ನು ಎಂದೂ ನಿಲ್ಲದವರಿಗೆ ಹೇಳಿ ಏನು ಪ್ರಯೋಜನ.

ಮರುದಿನ ಕಿಟಕಿಗೆ ಮೊದಲೇ ಪರದೆ ಎಳೆದು ಕೂತೆವು. ಕೋಣೆ ಉಗ್ರಾಣದ ಹಾಗಾಯಿತು, ಗಾಳಿಯಿಲ್ಲ, ಅತ್ತೆಗೆ ಉಸಿರು ಕಟ್ಟಿತು. ಅದಕ್ಕೆ ನಾನು ಹಳೇ ಪಂಚೆಯನ್ನು ಅಳತೆ ನೋಡಿ ಬಿಸಿಲು ಬೀಳುವಷ್ಟು ಜಾಗಕ್ಕೆ ಮಾತ್ರ ಕಟ್ಟಿದೆ. ಅದು ಸರಿಹೋಯಿತು ಅನ್ನುವಷ್ಟರಲ್ಲಿ ಅತ್ತೆಯ ಕಾಲು ಜೋಮು ಹಿಡಿಯಿತು. ನಿಂತಿದ್ದ ದಿನಗಳಲ್ಲಿ ನಾನು ಆಗೊಮ್ಮೆ ಈಗೊಮ್ಮೆ ಅವರ ಕಾಲನ್ನು ಮಣೆಯ ಮೇಲಿಂದ ನೆಲಕ್ಕೆ, ನೆಲದಿಂದ ಮಣೆಗೆ ಸರಿಸುತ್ತಿದ್ದೆ, ಟೀವಿ ನೋಡುತ್ತಾ ಅವರಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಕೂತಲ್ಲಿಂದ ಕೈಗೆ ಎಟುಕಲಿ ಎಂದು ಮಣೆಗೆ ಹಗ್ಗ ಕಟ್ಟಿದೆ. ಇನ್ನೊಂದು ದಿನ ಬೆಕ್ಕು ಒಳಗೆ ಬಂದು ಮೂವರನ್ನೂ ನಿಧಾನವಾಗಿ ನೋಡಿ, ಅಡುಗೆಮನೆಗೆ ಹೋಗಿ, ನೆಲುವಿಗೆ ಹಾರಿ ಮೊಸರಿನ ಪಾತ್ರೆ ಬೀಳಿಸಿತು. ಯಜಮಾನರು ಟೀವಿಯ ಸದ್ದು ಜೋರು ಮಾಡಿ ಅದನ್ನು ಹೆದರಿಸಲು ನೋಡಿದರು. ಅದು ನೆಲದ ಮೇಲಿನ ಮೊಸರನ್ನು ಪೂರ್ತಿ ನೆಕ್ಕಿ, ಬಾಗಿಲಲ್ಲಿ ಕೂತು ಮುಖ ತೊಳೆದುಕೊಂಡು ಹೋಯಿತು.

ಮೌಸ್ ಕೂಡ ಸುಮ್ಮನಿರಲಿಲ್ಲ. ಒಮ್ಮೆ ಅತ್ತೆಯ ಕೈಜಾರಿ ದಿವಾನದ ಕೆಳಗೆ ಉರುಳಿತು, ಟೀವಿಯಲ್ಲಿ ಯಾವುದೋ ಸೋಪಿನ ಜಾಹೀರಾತು ನಿಂತುಬಿಟ್ಟಿತು. ಬೀದಿದೀಪ ಹತ್ತುವವರೆಗೆ ಆ ಹುಡುಗಿ ನೊರೆ ಹಿಡಿದುಕೊಂಡು ನಮ್ಮನ್ನು ನೋಡಿ ನಗುತ್ತಲೇ ಇದ್ದಳು. ಅಂದಿನಿಂದ ಅದಕ್ಕೆ ದಾರ ಕಟ್ಟಿ ಅತ್ತೆಯ ಮಣಿಕಟ್ಟಿಗೆ ಸುತ್ತುವುದೂ ನನ್ನ ಕೆಲಸವಾಯಿತು. ಅದರ ಬ್ಯಾಟರಿ ಬದಲಿಸುವುದೂ ನನ್ನದೇ. ಅತ್ತೆಗೆ ಕೈಯಾಡಿಸದೆ ಮಾತಾಡಿ ಅಭ್ಯಾಸವಿಲ್ಲ. ತಮ್ಮ ಅಣ್ಣನ ಮದುವೆಯಲ್ಲಿ ಬೀಗರು ಊಟಕ್ಕೆ ಕೂರದೆ ಹೊರಟುಹೋದದ್ದನ್ನು ಹೇಳುವಷ್ಟರಲ್ಲಿ ಫ್ಯಾನು ನಿಂತು, ಲೈಟು ಹತ್ತಿ, ಬೀದಿಬಾಗಿಲು ತೆರೆದುಕೊಂಡಿತ್ತು. ಅದಕ್ಕೂ ಯಜಮಾನರು ಮೌಸನ್ನೇ ಬಹಳ ಹೊಗಳಿದರು. "ನೋಡು, ಕೈಯ ಅಲುಗಾಟ ಎಷ್ಟು ಸೂಕ್ಷ್ಮವಾಗಿ ಹಿಡಿಯುತ್ತೆ" ಎಂದರು.

ಒಂದು ಬೆಳಿಗ್ಗೆ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದೆ. ಪಕ್ಕದ ಮನೆಯ ಜುಬೇದಾ ಕಾಂಪೌಂಡಿನ ಆಚೆಯಿಂದ ತಲೆ ಎತ್ತಿದಳು. ಅವಳೂ ಅವರ ಮನೆಯಲ್ಲಿ ನಿಲ್ಲುವವಳು. ಹಿಂದೆಲ್ಲ ಮಧ್ಯಾಹ್ನ ಇದೇ ಗೋಡೆಯ ಹತ್ತಿರ ಇಬ್ಬರೂ ನಿಂತು ಹರಟುತ್ತಿದ್ದೆವು.

"ಏನಕ್ಕಾ, ಕೂರೋದು ಶುರು ಮಾಡಿದ ಮೇಲೆ ಸಿಗೋದೇ ಇಲ್ಲ. ಕಾಲು ಹೆಂಗಿದೆ?" ಎಂದಳು.

"ಹಂಗೇ ಇದೆ."

"ಹಂಗೇ ಅಂದ್ರೆ? ಕೂತಿದೀಯಲ್ಲ."

ನಾನು ಹೇಳಿದೆ. ಕೂರುವುದಕ್ಕೆ ಮೊದಲು ಏನೇನು ಮಾಡಿಡಬೇಕು ಎಂಬುದನ್ನು ಹೇಳುತ್ತಾ ಹೋದೆ. ಫ್ಲಾಸ್ಕಿಗೆ ನೀರು, ಇನ್ನೊಂದು ಫ್ಲಾಸ್ಕಿಗೆ ಕಾಫಿ, ಬಟ್ಟಲಲ್ಲಿ ಮಾತ್ರೆ, ಕಿಟಕಿಗೆ ಪಂಚೆ, ಮಣೆಗೆ ಹಗ್ಗ, ಅಡುಗೆಮನೆ ಬಾಗಿಲಿಗೆ ಬೆಕ್ಕು ಬರದಂತೆ ಹಲಗೆ, ಮಳೆ ಬಂದರೆ ಎಂದು ಬಟ್ಟೆ ಬೇಗ ಒಣಗಿಸಿ ಒಳಗೆ ತರುವುದು, ಅದಕ್ಕಾಗಿ ಬೇಗ ಏಳುವುದು. ಮಧ್ಯಾಹ್ನವಿಡೀ ಆಗುವ ಕೆಲಸವನ್ನೆಲ್ಲ ಮುಂಚೆಯೇ ಮಾಡಿ ಮುಗಿಸಬೇಕು, ಯಾವುದು ಬೇಕಾಗುತ್ತದೋ ಯಾವುದು ಬೇಡವೋ ಗೊತ್ತಿಲ್ಲದ್ದರಿಂದ ಬೇಡದ್ದನ್ನೂ ಮಾಡಬೇಕು. ಹೇಳುತ್ತಾ ನನಗೇ ಸುಸ್ತಾಯಿತು.

ಜುಬೇದಾ ಕೈಯಲ್ಲಿದ್ದ ಬಕೆಟ್ ಕೆಳಗಿಟ್ಟಳು. "ಹಂಗಾದ್ರೆ ನಿಲ್ಲೋದೇನೂ ಕಮ್ಮಿ ಆಗ್ಲಿಲ್ಲ. ಮಧ್ಯಾಹ್ನದ್ದು ಬೆಳಿಗ್ಗೆಗೆ ಬಂತು ಅಷ್ಟೇ" ಎಂದಳು. ಆಮೇಲೆ, "ನಮ್ಮನೇಲೂ ಆ ಮೌಸ್ ತರ್ತಾರಂತೆ" ಎಂದು ಬೇಸರದಿಂದ ಬಕೆಟ್ ಎತ್ತಿಕೊಂಡು ಹೋದಳು.

ಹುಣ್ಣು ನಿಜಕ್ಕೂ ಹಾಗೇ ಇತ್ತು. ಸ್ವಲ್ಪ ದೊಡ್ಡದಾಗಿತ್ತು ಎಂದರೂ ಸರಿಯೇ. ಡಾಕ್ಟರಮ್ಮ ಪಟ್ಟಿ ಬಿಚ್ಚಿ ನೋಡಿ, "ಕೂರ್ತಾ ಇದೀರಾ ತಾನೇ?" ಎಂದರು. ಯಜಮಾನರು ನನಗಿಂತ ಮೊದಲು, "ದಿನಾ ಕೂರ್ತಾಳೆ ಡಾಕ್ಟ್ರೇ, ನನ್ನ ಕಣ್ಣೆದುರಿಗೇ" ಎಂದರು. ಅದೂ ನಿಜವೇ. ಅವರ ಕಣ್ಣೆದುರಿಗೆ ನಾನು ಕೂತಿರುತ್ತಿದ್ದೆ. ಇನ್ನು ಹದಿನೈದು ದಿನ ನೋಡುತ್ತೇನೆ, ಆಮೇಲೆ ದೊಡ್ಡ ಆಸ್ಪತ್ರೆಗೆ ಬರೆಯುತ್ತೇನೆ ಎಂದರು ಡಾಕ್ಟರಮ್ಮ. ದೊಡ್ಡ ಆಸ್ಪತ್ರೆಗೆ ಯಾವುದಕ್ಕೆ ಬರೆಯುತ್ತಾರೆಂದು ನಾನೂ ಕೇಳಲಿಲ್ಲ, ಇವರೂ ಕೇಳಲಿಲ್ಲ. ದಾರಿಯುದ್ದಕ್ಕೂ ಇವರು ನನ್ನ ಕೈ ಹಿಡಿದುಕೊಂಡೇ ಬಂದರು.

ಅದೇ ವಾರ ಮಗಳ ಮನೆಯಿಂದ ವೀಡಿಯೊ ಕರೆ ಬಂತು. ಚಂಪಾಳನ್ನು ಇದೇ ಊರಿನ ಆ ಕೊನೆಗೆ ಕೊಟ್ಟಿದ್ದೇವೆ, ಮದುವೆಯಾಗಿ ಒಂದು ವರ್ಷ. ಹಿಂದೆಯೂ ಎಷ್ಟೋ ಸಲ ಮಧ್ಯಾಹ್ನ ಹೀಗೆ ಕರೆ ಬಂದಿದೆ, ಆದರೆ ಆಗ ನಾನು ಒಳಗೆ ಹೊರಗೆ ಓಡಾಡುತ್ತಿರುತ್ತಿದ್ದೆ, ಟೀವಿ ನೋಡುವ ಹಾಗಿರಲಿಲ್ಲ, ಅವಳ ದನಿ ಕೇಳಿದರೆ ಅಷ್ಟೇ ಆಯಿತು ಅಂದುಕೊಳ್ಳುತ್ತಿದ್ದೆ. ಈಗ ಕೂತು ನೆಟ್ಟಗೆ ನೋಡಿದೆ. ಟೀವಿ ತುಂಬ ಬೀಗರು, ಬೀಗಿತ್ತಿ, ಅಳಿಯ, ಸಾಲಾಗಿ ಸೋಫಾದಲ್ಲಿ. ಬೀಗಿತ್ತಿಯ ಕೈಯಲ್ಲಿ ಕಾಫಿ ಲೋಟ. ಅವರ ಹಿಂದೆ ಒಂದು ಸೊಂಟ, ಹಸಿರು ಬಳೆಯ ಎರಡು ಕೈ. ಕೈಗಳು ಬಂದು ಲೋಟ ತೆಗೆದುಕೊಂಡವು, ಹೋದವು. ಮತ್ತೆ ಬಂದು ಯಾರದೋ ಬೆನ್ನಿಗೆ ದಿಂಬು ಕೊಟ್ಟವು. ಕ್ಯಾಮೆರಾವನ್ನು ಕೂತವರ ಎತ್ತರಕ್ಕೆ ಇಟ್ಟಿದ್ದರು. ನನ್ನ ಮಗಳಿಗೆ ತಲೆಯಿರಲಿಲ್ಲ.

"ಚಂಪಾ, ಮುಖ ತೋರ್ಸೇ" ಎಂದೆ.

ಅವಳು ಸೊಂಟ ಬಗ್ಗಿಸಿ ಅತ್ತೆ ಮಾವನ ತಲೆಗಳ ನಡುವೆ ಮುಖ ತೂರಿಸಿದಳು. ಕಣ್ಣ ಕೆಳಗೆ ಕಪ್ಪಾಗಿತ್ತು. ನನ್ನನ್ನು ಕಂಡು ಬಾಯಿ ತೆರೆದಳು. "ಅಮ್ಮಾ, ನೀನು ಕೂತಿದೀಯಾ?"

"ಹೂಂ."

"ಹೇಗಿರುತ್ತೆ ಅಮ್ಮ?"

ಬಗ್ಗಿ ನಿಂತ ಅವಳ ಒಂದು ಕೈ ಸೋಫಾದ ಬೆನ್ನಿನ ಮೇಲೆ ಊರಿತ್ತು. ಭಾರವನ್ನು ಒಂದು ಕಾಲಿನ ಮೇಲೆ ಹಾಕಿ ಇನ್ನೊಂದಕ್ಕೆ ಬಿಡುವು ಕೊಟ್ಟಿದ್ದಾಳೆ ಎಂಬುದು ಭುಜದ ವಾರೆಯಿಂದ ನನಗೆ ಗೊತ್ತಾಯಿತು. ಎಲ್ಲರೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು.

"ಚೆನ್ನಾಗಿರುತ್ತೆ" ಎಂದೆ.

ಬೀಗಿತ್ತಿ ನಕ್ಕು, "ನಾವೂ ಆ ಮೌಸ್ ತರಿಸ್ತಾ ಇದೀವಿ ಕಣ್ರೀ. ನಿಮ್ಮನ್ನ ನೋಡಿ ನಮಗೂ ಧೈರ್ಯ ಬಂತು. ನಮ್ಮ ಚಂಪಾನೂ ಕೂರ್ಲಿ ಪಾಪ" ಎಂದರು. ಚಂಪಾಳ ಮುಖ ಅರಳಿತು. ಅಷ್ಟರಲ್ಲಿ ಯಾರೋ ನೀರು ಕೇಳಿದರು, ಅವಳ ಮುಖ ಮೇಲಕ್ಕೆ ಹೋಗಿ ಮತ್ತೆ ಸೊಂಟ ಮಾತ್ರ ಉಳಿಯಿತು.

ಆ ರಾತ್ರಿ ಊಟ ಸೇರಲಿಲ್ಲ. ಅವಳು ಆಸೆಯಿಂದ ಕೇಳಿದ್ದಳು, ನಾನು ಸುಳ್ಳು ಹೇಳಿದ್ದೆ. ನಾಳೆ ಅವಳ ಕೈಗೂ ಫ್ಲಾಸ್ಕು, ಹಗ್ಗ, ಹಲಗೆ ಬರುತ್ತದೆ. ಅವಳು ಬೆಳಗಿನ ಜಾವಕ್ಕೇ ಎದ್ದು ಮಧ್ಯಾಹ್ನ ಕೂರುವುದಕ್ಕೆ ಓಡಾಡುತ್ತಾಳೆ, ಕೂತ ಮೇಲೆ ನನ್ನ ಹಾಗೆ ಕಿವಿ ಅಡುಗೆಮನೆಯಲ್ಲಿಟ್ಟು ಕೂರುತ್ತಾಳೆ, ಹೇಗಿದೆ ಎಂದು ಕೇಳಿದವರಿಗೆ ಚೆನ್ನಾಗಿದೆ ಅನ್ನುತ್ತಾಳೆ. ನನ್ನ ಮೇಲೆ ನನಗೇ ಜಿಗುಪ್ಸೆ ಬಂತು.

ಮರುದಿನ ಬೆಳಿಗ್ಗೆ ನಾನು ಯಾವತ್ತಿನಂತೆ ಅಡುಗೆ ಮಾಡಿದೆ, ಬಡಿಸಿದೆ, ಊಟ ಮಾಡಿದೆ. ಕೈ ತೊಳೆದುಕೊಂಡು ಬಂದು ದಿವಾನದ ಮೇಲೆ ಕೂತು ಕಾಲನ್ನು ದಿಂಬಿನ ಮೇಲಿಟ್ಟೆ. ಫ್ಲಾಸ್ಕುಗಳು ಅಡುಗೆಮನೆಯಲ್ಲಿ ಖಾಲಿ ಇದ್ದವು. ಪಂಚೆ ಮಡಿಸಿದಲ್ಲೇ ಇತ್ತು. ಹಾಲಿನ ಪಾತ್ರೆ ಸಣ್ಣ ಉರಿಯ ಮೇಲಿತ್ತು, ಒಲೆ ಆರಿಸಲು ಮರೆತಿರಲಿಲ್ಲ, ಬೇಕೆಂದೇ ಬಿಟ್ಟುಬಂದಿದ್ದೆ.

ಯಜಮಾನರು ಬಾಯಿ ಒರೆಸಿಕೊಳ್ಳುತ್ತಾ ಬಂದು, "ಏನೇ, ಇಷ್ಟು ಬೇಗ ಕೂತೆ?" ಎಂದರು.

"ಕಾಲು ನೋಯ್ತಿದೆ."

"ಸೈರನ್ನಿಗೆ ಇನ್ನೂ ಹೊತ್ತಿದೆ. ನೀರು ಗೀರು ತುಂಬಿಟ್ಟು ಕೂತ್ಕೋ."

"ನಾನು ಕೂತಾಯ್ತು."

ನಿಜ ಹೇಳಬೇಕೆಂದರೆ ಆಗಿನ್ನೂ ಏಳಬಹುದಾಗಿತ್ತು. ಎದ್ದುಬಿಡು ಎಂದು ಮೈಯೆಲ್ಲ ಹೇಳುತ್ತಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಗಿಯಾಗಿ ಹಿಡಿದುಕೊಂಡೆ. ಅತ್ತೆ ಬಚ್ಚಲಿನಿಂದ ಬಂದು, ನನ್ನನ್ನು ನೋಡಿ, ಕಿಟಕಿ ನೋಡಿ, ಫ್ಲಾಸ್ಕುಗಳಿಲ್ಲದ ಸ್ಟೂಲು ನೋಡಿ, ತಮ್ಮ ಕುರ್ಚಿಯಲ್ಲಿ ಕೂತರು. ಯಜಮಾನರಿಗೆ ಎಲ್ಲೋ ಏನೋ ಸರಿಯಿಲ್ಲ ಎನ್ನುವುದು ತಿಳಿಯಿತು, ಏನೆಂದು ತಿಳಿಯಲಿಲ್ಲ. ಮೌಸ್ ಕೈಗೆತ್ತಿಕೊಂಡು ಸೋಫಾದ ಹತ್ತಿರ ಹೋದರು. ಸೈರನ್ ಕೂಗಲು ಶುರುವಾಯಿತು. ಇವರು ಅಭ್ಯಾಸದಂತೆ ಹಿಂದಕ್ಕೆ ಕೈಯೂರಿ ಬಗ್ಗಿದರು.

"ದಯಾ, ಕೂರಬೇಡ" ಎಂದರು ಅತ್ತೆ.

ಇವರು ಬಗ್ಗಿದಲ್ಲೇ ನಿಂತರು. ಪೂರ್ತಿ ನಿಂತೂ ಇರಲಿಲ್ಲ, ಕೂತೂ ಇರಲಿಲ್ಲ. "ಯಾಕಮ್ಮ?"

"ಅವಳು ಕೂತಿದಾಳೆ, ನಾನು ಕೂತಿದೀನಿ. ಒಲೆ ಮೇಲೆ ಹಾಲಿದೆ. ನಿಲ್ಲೋ."

"ಅದಕ್ಕೇ ಅಲ್ವಾ ಈ ಮೌಸ್ ತಂದಿದ್ದು."

"ಆ ಇಲೀನ ಇಲ್ಲಿ ಕೊಡು" ಎಂದು ಅತ್ತೆ ಕೈ ಚಾಚಿದರು. ಸೈರನ್ ನಿಂತಿತು. ಇವರು ಕೂತಿರಲಿಲ್ಲ.

ಆಮೇಲೆ ಆದದ್ದನ್ನು ಹೇಳಿದರೆ ನಗುತ್ತೀರಿ. ಇವರು ಹಾಲಿನ ಹತ್ತಿರ ಹೋಗುವುದನ್ನು ಬಿಟ್ಟು ನಡುಮನೆಯಲ್ಲೇ ನಿಂತು ಏನು ಮಾಡಬೇಕೆಂದು ನನ್ನ ಮುಖ ನೋಡಿದರು. ನಾನು ಹೇಳಲಿಲ್ಲ. ಹಾಲು ಉಕ್ಕುವ ಸದ್ದು ನನಗೆ ಕೇಳಿತು, ಅದು ಅವರಿಗೆ ಕೇಳಿದ್ದು ಸುಟ್ಟ ವಾಸನೆ ಬಂದ ಮೇಲೆ. ಓಡಿದರು. ಬಟ್ಟೆ ಎಲ್ಲಿದೆ ಎಂದು ಒಳಗಿನಿಂದ ಕೂಗಿದರು. ಅತ್ತೆ ಮಾತಾಡುವ ಬದಲು ಮೌಸ್ ಹಿಡಿದ ಕೈಯಿಂದಲೇ ಅವರಿಗೆ ದಾರಿ ತೋರಿಸತೊಡಗಿದರು. ಇತ್ತ ಬಾ, ಮೇಲೆ ನೋಡು, ಅದಲ್ಲ, ಅದರ ಪಕ್ಕದ್ದು. ಟೀವಿಯಲ್ಲಿ ಬಾಣ ಅತ್ತಿತ್ತ ಹಾರುತ್ತಿತ್ತು, ಫೈಲುಗಳು ತೆರೆದುಕೊಳ್ಳುತ್ತಿದ್ದವು, ಮುಚ್ಚಿಕೊಳ್ಳುತ್ತಿದ್ದವು. ಅಂದು ಯಾರ್ಯಾರ ಮನೆಗೆ ನಲ್ಲಿ ಮಂಜೂರಾಯಿತೋ ದೇವರಿಗೇ ಗೊತ್ತು. ಇವರು ನೀರು ತಂದರು, ಮಾತ್ರೆ ತಂದರು, ಕಾಲುಮಣೆ ಸರಿಸಿದರು, ಬೆಕ್ಕನ್ನು ಓಡಿಸಿದರು. ಒಂದೊಂದು ಮುಗಿದಾಗಲೂ ಇನ್ನು ಆಯಿತು ಎನ್ನುವಂತೆ ಸೋಫಾದ ಕಡೆ ನೋಡುತ್ತಿದ್ದರು. ಆಯಿತು ಅನ್ನುವುದು ನಿಲ್ಲುವ ಕೆಲಸದಲ್ಲಿ ಇರುವುದಿಲ್ಲ.

ನನಗೆ ಪಾಪ ಅನ್ನಿಸಿತು. ನಡುವೆ ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ಚಂಪಾಳ ಸೊಂಟ ಕಣ್ಣ ಮುಂದೆ ಬಂತು, ಬಾಯಿ ಮುಚ್ಚಿಕೊಂಡೆ. ಕಾಲಿನ ಸೆಳೆತ ಮೆಲ್ಲಗೆ ಇಳಿಯುತ್ತಿತ್ತು. ಬೆಳಗಿನಿಂದ ಹೆಚ್ಚು ಓಡಾಡಿರಲಿಲ್ಲವಲ್ಲ, ಅದಕ್ಕಿರಬೇಕು. ಯಾವಾಗ ಕಣ್ಣು ಮುಚ್ಚಿತೋ ತಿಳಿಯದು. ಈ ಮನೆಯಲ್ಲಿ ನಾನು ಮಧ್ಯಾಹ್ನ ನಿದ್ದೆ ಹೋದದ್ದು ಅದೇ ಮೊದಲು. ಕನಸು ಗಿನಸು ಏನೂ ಬೀಳಲಿಲ್ಲ. ಬಿದ್ದುಕೊಂಡಿದ್ದೆ ಅಷ್ಟೇ.

ಎಚ್ಚರವಾದಾಗ ಕಿಟಕಿಯಾಚೆ ಬೀದಿದೀಪ ಹತ್ತಿತ್ತು. ಅತ್ತೆ ಎದ್ದು ದೇವರ ಮುಂದೆ ದೀಪ ಹಚ್ಚುತ್ತಿದ್ದರು, ಮಣಿಕಟ್ಟಿನಲ್ಲಿ ಮೌಸ್ ಇನ್ನೂ ನೇತಾಡುತ್ತಿತ್ತು. ಯಜಮಾನರು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದರು. ಲುಂಗಿ ಮೇಲಕ್ಕೆ ಕಟ್ಟಿದ್ದರು, ಅದರ ತುಂಬ ಹಾಲಿನ ಕಲೆ. ಈಗ ಯಾರು ಬೇಕಾದರೂ ಕೂರಬಹುದು, ಯಾರು ಬೇಕಾದರೂ ಏಳಬಹುದು. ಆದರೂ ಇವರು ಕೂರಲಿಲ್ಲ, ಕೂತರೆ ಮತ್ತೆ ಏಳಲಾಗದೇನೋ ಎನ್ನುವ ಭಯ ಅವರ ಮುಖದಲ್ಲಿತ್ತು. ಒಂದು ಕಾಲಿನಿಂದ ಭಾರ ತೆಗೆದು ಇನ್ನೊಂದು ಕಾಲಿಗೆ ಹಾಕಿದರು. ಸ್ವಲ್ಪ ಹೊತ್ತಿಗೆ ಅದರಿಂದ ತೆಗೆದು ಇದಕ್ಕೆ ಹಾಕಿದರು.

"ಅಂಬುಜಾ, ನಾಳೆ ಯಾರು ನಿಲ್ಲೋದು?" ಎಂದು ಕೇಳಿದರು.

ಈ ಮನೆಗೆ ಬಂದ ಮೇಲೆ ಈ ಪ್ರಶ್ನೆಯನ್ನು ಯಾರ ಬಾಯಲ್ಲೂ ನಾನು ಕೇಳಿರಲಿಲ್ಲ. ಅತ್ತೆ ದೇವರ ಕಡೆಯಿಂದ ತಿರುಗಿ ನನ್ನನ್ನು ನೋಡಿದರು. ಅವರೂ ಕೇಳಿರಲಾರರು.

"ಗೊತ್ತಿಲ್ಲ. ನೀವಿಬ್ಬರೂ ಮಾತಾಡ್ಕೊಳ್ಳಿ" ಎಂದೆ. "ನಾನಿನ್ನೂ ಎದ್ದಿಲ್ಲ."